ಗ್ರಹವೇ ಕಾಣದಿದ್ದರೂ ಅದರ ವಾತಾವರಣದಲ್ಲಿ ಏನಿದೆ ಎಂದು ಹೇಗೆ ತಿಳಿಯುತ್ತದೆ?

ಗ್ರಹದ ಚಿತ್ರವೇ ಇಲ್ಲದೆ ಅಲ್ಲಿನ ಅನಿಲ ಗುರುತಿಸುವುದು ಹೇಗೆ, ಭೂಮಿಯಂಥ ಗ್ರಹಗಳ ಸುದ್ದಿ ಮಾತ್ರ ಯಾಕೆ ಬರುತ್ತಿಲ್ಲ ಎಂದು ಕೇಳಿದ್ದೀರಿ.

ಅಳೆಯುವುದು ನಕ್ಷತ್ರದ ಬೆಳಕನ್ನು. ದೂರದ ಬೇರೊಂದು ನಕ್ಷತ್ರವನ್ನು ಸುತ್ತುವ ವಾಸ್ಪ್-39ಬಿ ಎಂಬ ಗ್ರಹ ಆ ನಕ್ಷತ್ರಕ್ಕೆ ಅಡ್ಡ ಬಂದಾಗ ಬೆಳಕು ಸುಮಾರು ಶೇ. 2.1ರಷ್ಟು ಕುಗ್ಗುತ್ತದೆ. ಈ ಕುಗ್ಗುವಿಕೆಯನ್ನು ಒಂದೊಂದು ತರಂಗಾಂತರದಲ್ಲೂ, ಅಂದರೆ ಬೆಳಕಿನ ಒಂದೊಂದು ಬಣ್ಣದಲ್ಲೂ, ಬೇರೆಬೇರೆಯಾಗಿ ಅಳೆಯಬೇಕು. ಅಲ್ಲಿನ ಅನಿಲ ಯಾವ ಬಣ್ಣವನ್ನು ಹೀರುತ್ತದೋ ಆ ಬಣ್ಣದಲ್ಲಿ ಗ್ರಹ ತುಸು ದೊಡ್ಡದಾಗಿ ಕಾಣುತ್ತದೆ. ಅಳತೆಯ ನಕ್ಷೆಯಲ್ಲಿ ಅದು ಉಬ್ಬಾಗಿ ಮೂಡುತ್ತದೆ. 2022ರಲ್ಲಿ ಜೇಮ್ಸ್ ವೆಬ್ ಬಾಹ್ಯಾಕಾಶ ದೂರದರ್ಶಕಕ್ಕೆ 4.3 ಮೈಕ್ರಾನ್ (ಮಿಲಿಮೀಟರ್‌ನ ಸಾವಿರದ ಒಂದು ಪಾಲು ಒಂದು ಮೈಕ್ರಾನ್) ತರಂಗಾಂತರದ ಹತ್ತಿರ ಇಂಥದೊಂದು ಸ್ಪಷ್ಟ ಉಬ್ಬು ಸಿಕ್ಕಿತು. ಅದು ಇಂಗಾಲದ ಡೈಆಕ್ಸೈಡ್. ಪಕ್ಕದಲ್ಲೇ, 4.05ರಲ್ಲಿದ್ದ ಸಣ್ಣ ಉಬ್ಬು ಗಂಧಕದ ಡೈಆಕ್ಸೈಡ್‌ನದು; ನಕ್ಷತ್ರದ ಬೆಳಕು ಬಿದ್ದು ಅಲ್ಲೇ ತಯಾರಾದ ಅನಿಲ. ನನಗೆ ಇದೇ ಹೆಚ್ಚು ಬೆಲೆಯ ಫಲಿತಾಂಶ, ಯಾಕೆಂದರೆ ಬೇರೊಂದು ಲೋಕದ ರಸಾಯನ ಕ್ರಿಯೆ ನಡೆಯುತ್ತಿರುವುದೇ ಇಲ್ಲಿ ಕಾಣಿಸಿತು.

ಆದರೆ ಅದು ಸುಲಭದ ಗ್ರಹ. ಬಿಸಿ ಹೆಚ್ಚು, ಗುರುತ್ವ ಕಡಿಮೆ, ಅನಿಲ ಹಗುರ. ಹಾಗಾಗಿ ವಾತಾವರಣ ಉಬ್ಬಿಕೊಂಡಿದೆ. ಒತ್ತಡ ಮೂರನೇ ಒಂದು ಭಾಗದಷ್ಟಕ್ಕೆ ಇಳಿಯಲು ಅಲ್ಲಿ ಸುಮಾರು 1000 ಕಿ.ಮೀ. ಮೇಲೇರಬೇಕು, ಭೂಮಿಯಲ್ಲಿ 8.5 ಕಿ.ಮೀ. ಸಾಕು. ಸೂರ್ಯನ ಮುಂದೆ ಭೂಮಿ ಹಾದುಹೋದರೆ ಹತ್ತು ಲಕ್ಷಕ್ಕೆ 84 ಪಾಲು ಬೆಳಕು ಮರೆಯಾಗುತ್ತದೆ, ಅದರಲ್ಲಿ ವಾತಾವರಣದ ಪಾಲು ಬರೀ ಒಂದರಷ್ಟು. ಅದಕ್ಕೇ ಎಲ್ಲರೂ ಕೆಂಪು ಕುಬ್ಜ ನಕ್ಷತ್ರಗಳತ್ತ, ಅಂದರೆ ಸೂರ್ಯನಿಗಿಂತ ಚಿಕ್ಕ, ತಂಪು ನಕ್ಷತ್ರಗಳತ್ತ, ಹೋಗುವುದು. ಅಂಥದೊಂದು ನಕ್ಷತ್ರ ಟ್ರಾಪಿಸ್ಟ್-1ರ ತ್ರಿಜ್ಯ ಸೂರ್ಯನದರ ಶೇ. 12 ಮಾತ್ರ, ಆದ್ದರಿಂದ ಅದೇ ಸಂಕೇತ ಸುಮಾರು 70 ಪಟ್ಟು ಹೆಚ್ಚುತ್ತದೆ.

ನಿಜವಾದ ಕಾಟ ಶುರುವಾಗುವುದೂ ಅಲ್ಲೇ. ಈ ನಕ್ಷತ್ರಗಳ ಮೈಮೇಲಿನ ಕಲೆಗಳು ಎಷ್ಟು ತಂಪೆಂದರೆ ಅವುಗಳಲ್ಲೇ ನೀರಾವಿ ಇರುತ್ತದೆ. ಗ್ರಹ ಕಲೆಯಿಲ್ಲದ ಜಾಗದಲ್ಲಿ ಹಾದುಹೋದರೆ ನಕ್ಷತ್ರದ ನೀರು ಗ್ರಹದ ನೀರಿನಂತೆ ರೋಹಿತದಲ್ಲಿ (ಬಣ್ಣಬಣ್ಣವಾಗಿ ಬಿಡಿಸಿದ ಬೆಳಕಿನಲ್ಲಿ) ಮೂಡುತ್ತದೆ. ದೂರದರ್ಶಕ ಎಷ್ಟೇ ದೊಡ್ಡದಾದರೂ ಈ ದೋಷ ತಾನಾಗಿ ಹೋಗುವುದಿಲ್ಲ.

ಇದರಿಂದ ಬಹುಮಟ್ಟಿಗೆ ತಪ್ಪಿಸಿಕೊಳ್ಳಲು ಒಂದು ದಾರಿ, ಗ್ರಹ ನಕ್ಷತ್ರದ ಹಿಂದೆ ಮರೆಯಾಗುವ ಹೊತ್ತನ್ನು ಹಿಡಿಯುವುದು. ಮರೆಯಾಗುವ ಮುಂಚಿನ ಒಟ್ಟು ಬೆಳಕಿನಿಂದ ನಕ್ಷತ್ರವೊಂದರದೇ ಬೆಳಕನ್ನು ಕಳೆದರೆ ಉಳಿಯುವುದು ಗ್ರಹದ ಶಾಖ. 2023ರಲ್ಲಿ ಟ್ರಾಪಿಸ್ಟ್-1ರ ಗ್ರಹ ಟ್ರಾಪಿಸ್ಟ್-1ಬಿಯನ್ನು 15 ಮೈಕ್ರಾನ್‌ನಲ್ಲಿ ಹೀಗೆ ಅಳೆದಾಗ ಹಗಲಿನ ಬದಿ ಸುಮಾರು 500 ಕೆಲ್ವಿನ್ (ಸುಮಾರು 230 ಡಿಗ್ರಿ ಸೆಲ್ಸಿಯಸ್) ಬಂತು. ದಟ್ಟ ವಾತಾವರಣವಿದ್ದರೆ ಶಾಖ ರಾತ್ರಿಯ ಬದಿಗೂ ಹರಡಿ ಈ ಅಂಕಿ ಇಳಿಯಬೇಕಿತ್ತು.

ಕೆ2-18ಬಿ ಎಂಬ ಇನ್ನೊಂದು ದೂರದ ಗ್ರಹದಲ್ಲಿ ಜೀವದ ಸುಳಿವು ಎಂಬ ಸುದ್ದಿಗಳನ್ನು ಓದುವಾಗ ಎರಡು ವಿಷಯ ನೋಡಿ: ಬೇರೆ ತಂಡಗಳು ಅದೇ ದತ್ತಾಂಶದಿಂದ ಅದೇ ಉಬ್ಬನ್ನು ಪಡೆದವೇ, ಬೇರೆ ಅನಿಲವೂ ಅದೇ ಜಾಗದಲ್ಲಿ ಬೆಳಕು ಹೀರುತ್ತದೆಯೇ. 2023ರ ಮೀಥೇನ್ ಫಲಿತಾಂಶ ಗಟ್ಟಿಯಾಗಿದೆ. ಜೀವದ ಸುಳಿವೆಂದು ಹೇಳುವ ಅನಿಲ ಡೈಮೀಥೈಲ್ ಸಲ್ಫೈಡ್‌ನದು ಇನ್ನೂ ಆ ಮಟ್ಟ ಮುಟ್ಟಿಲ್ಲ.