ಡಾಕ್ಟರಮ್ಮನಿಗೊಂದು ಪತ್ರ: ರಕ್ತ ಬರಲಿಲ್ಲ, ರಕ್ತ ಬಂತು

ಈ ಸಲ ಬಂದ ಪತ್ರಗಳಲ್ಲಿ ಮುಕ್ಕಾಲು ಪಾಲು ರಕ್ತದ ಬಗ್ಗೆಯೇ. ಹೆದರಬೇಕಿಲ್ಲದ ಕಡೆ ಮನೆಮಂದಿಯೆಲ್ಲ ಹೆದರಿ ಕೂತಿದ್ದಾರೆ. ಆಸ್ಪತ್ರೆಗೆ ಓಡಬೇಕಾದವರು ಎಳನೀರು ಕುಡಿದು ಸುಮ್ಮನಿದ್ದಾರೆ. ಅದಕ್ಕೇ ಎಲ್ಲವನ್ನೂ ಒಟ್ಟಿಗೆ ತೆಗೆದುಕೊಂಡಿದ್ದೇನೆ.

ಪ್ರಶ್ನೆ: ನನಗೆ 29 ವರ್ಷ. ಮದುವೆಯಾಗಿ ಎರಡು ತಿಂಗಳಾಯಿತು. ಮೊದಲ ರಾತ್ರಿ ಹೆಂಡತಿಗೆ ರಕ್ತ ಬರಲಿಲ್ಲ. ಕೇಳಿದರೆ, ಕಾಲೇಜಿನಲ್ಲಿ ಕಬಡ್ಡಿ ಆಡುತ್ತಿದ್ದೆ ಅನ್ನುತ್ತಾಳೆ. ಸ್ನೇಹಿತರು ‘ಸೀಲ್ ಇರಲಿಲ್ಲ ಅಂದ್ರೆ ಗೊತ್ತಲ್ಲ’ ಅಂತ ನಗುತ್ತಾರೆ. ಟೆಸ್ಟ್ ಮಾಡಿಸಿದರೆ ನಿಜ ಗೊತ್ತಾಗುತ್ತದಾ?
– ಹೆಸರು ಬೇಡ, ಹಾವೇರಿ ಜಿಲ್ಲೆ

ಉತ್ತರ: ಗೊತ್ತಾಗುವುದಿಲ್ಲ. ಅಂಥ ಟೆಸ್ಟೇ ಇಲ್ಲ. ಕಬಡ್ಡಿಯ ಕಾರಣವೂ ಬೇಕಿರಲಿಲ್ಲ, ಪಾಪ, ನಿಮ್ಮ ಮುಖ ನೋಡಿ ಆಕೆ ಏನೋ ಒಂದು ಹುಡುಕಿ ಹೇಳಬೇಕಾಗಿ ಬಂದಿದೆ.

ಆ ‘ಸೀಲ್’ ಪದವನ್ನು ಮೊದಲು ಬಿಡಿ. ಕನ್ಯಾಪೊರೆ ಅನ್ನುವುದು ಯೋನಿಯ ಬಾಯಿಯ ಸುತ್ತ ಅಂಚಿನಂತೆ ಇರುವ ತೆಳುವಾದ, ಹಿಗ್ಗುವ ಚರ್ಮ. ಕೆಲವರಲ್ಲಿ ಬಳೆಯಂತೆ ದುಂಡಗೆ, ಕೆಲವರಲ್ಲಿ ಅರ್ಧಚಂದ್ರದಂತೆ, ಇನ್ನು ಕೆಲವರಲ್ಲಿ ಇದೆಯೋ ಇಲ್ಲವೋ ಅನ್ನುವಷ್ಟು ಸಣ್ಣಗೆ. ಮಧ್ಯದಲ್ಲಿ ದಾರಿ ಇದ್ದೇ ಇರುತ್ತದೆ. ಅದು ಪೂರ್ತಿ ಮುಚ್ಚಿದ್ದರೆ, ಹದಿಮೂರಕ್ಕೋ ಹದಿನಾಲ್ಕಕ್ಕೋ ದೊಡ್ಡವಳಾದಾಗಿನಿಂದ ನಿಮ್ಮ ಹೆಂಡತಿಯ ತಿಂಗಳ ಮುಟ್ಟು ಹೊರಗೆ ಬರುತ್ತಿದ್ದುದು ಹೇಗೆ ಅಂತ ಆ ಸ್ನೇಹಿತರನ್ನು ಒಮ್ಮೆ ಕೇಳಿ ನೋಡಿ.

ಮೊದಲ ಸಲ ಕೂಡಿದಾಗ ಕೆಲವರಿಗೆ ಸ್ವಲ್ಪ ರಕ್ತ ಬರುತ್ತದೆ, ಬಹಳ ಜನಕ್ಕೆ ಬರುವುದೇ ಇಲ್ಲ. ಬಂದಾಗಲೂ ಎಷ್ಟೋ ಸಲ ಕಾರಣ ಅವಸರ, ಒಣಗಿದ ಯೋನಿ, ಹೆದರಿ ಬಿಗಿಹಿಡಿದ ಮೈ. ಅಂದರೆ ಹಾಸಿಗೆ ಕಲೆಯಾಗಲಿಲ್ಲ ಅಂದರೆ ನೀವು ಒರಟಾಗಿ ನಡೆದುಕೊಳ್ಳಲಿಲ್ಲ ಅಂತಲೂ ಆಗಬಹುದು, ಅದಕ್ಕೆ ಖುಷಿಪಡಿ. ಇನ್ನು ಪರೀಕ್ಷೆಯ ವಿಷಯ. 2004ರಲ್ಲಿ ಅಮೆರಿಕದ ವೈದ್ಯರು ಗರ್ಭಿಣಿಯರಾಗಿದ್ದ 36 ಹದಿಹರೆಯದ ಹುಡುಗಿಯರ ಪರೀಕ್ಷೆಯ ಫೋಟೋಗಳನ್ನು ನೋಡಿ ವರದಿ ಬರೆದರು. ಕೂಡಿದ್ದಾರೆ ಅನ್ನುವ ಖಚಿತ ಗುರುತು ಸಿಕ್ಕಿದ್ದು ಇಬ್ಬರಲ್ಲಿ ಮಾತ್ರ. ಗರ್ಭಿಣಿಯರಲ್ಲೇ ಹೀಗಾದರೆ ನಿಮ್ಮೂರಿನ ಡಾಕ್ಟರ್ ನಿಮ್ಮ ಹೆಂಡತಿಯನ್ನು ನೋಡಿ ಏನು ಹೇಳಿಯಾರು? ವಿಶ್ವ ಆರೋಗ್ಯ ಸಂಸ್ಥೆ 2018ರಲ್ಲೇ ಈ ಪರೀಕ್ಷೆ ಎಲ್ಲ ಕಡೆ ನಿಲ್ಲಬೇಕು ಅಂದಿದೆ. ಅತ್ಯಾಚಾರಕ್ಕೆ ಒಳಗಾದವರಿಗೆ ಯೋನಿಯೊಳಗೆ ಬೆರಳಿಟ್ಟು ನೋಡುವ ‘ಎರಡು ಬೆರಳ ಪರೀಕ್ಷೆ’ ಮಾಡುವುದು ಅವರ ಖಾಸಗಿತನಕ್ಕೆ ಧಕ್ಕೆ ಅಂತ ನಮ್ಮ ಸುಪ್ರೀಂ ಕೋರ್ಟ್ 2013ರಲ್ಲಿ ಹೇಳಿತು. ಮಾಡಿದವರು ದುರ್ನಡತೆಯ ತಪ್ಪಿತಸ್ಥರು ಅಂತ 2022ರಲ್ಲಿ ಇನ್ನೂ ಕಟುವಾಗಿ ಹೇಳಿತು. 2023ರಲ್ಲಿ ದೆಹಲಿ ಹೈಕೋರ್ಟ್, ಕೊಲೆ ಆರೋಪ ಹೊತ್ತ ಹೆಂಗಸಿಗೂ ಕನ್ಯತ್ವ ಪರೀಕ್ಷೆ ಮಾಡುವುದು ಸಂವಿಧಾನಕ್ಕೆ ವಿರುದ್ಧ ಅಂದಿತು. ನಿಮ್ಮ ಹೆಂಡತಿಯ ಮೇಲೆ ಆರೋಪವೇ ಇಲ್ಲ, ಅಲ್ವಾ? ಆಕೆಯ ಹತ್ತಿರ ಕ್ಷಮೆ ಕೇಳಿ. ನಿಮ್ಮಿಬ್ಬರ ಮಂಚದ ಸುದ್ದಿಯನ್ನು ಸ್ನೇಹಿತರ ಮುಂದೆ ಹೇಳಿದ್ದಕ್ಕೂ ಸೇರಿಸಿ ಕೇಳಿ.

ಪ್ರಶ್ನೆ: ಮಗಳಿಗೆ 15 ತುಂಬಿತು, ಇನ್ನೂ ಮೈನೆರೆದಿಲ್ಲ. ಎದೆ ಎಲ್ಲ ಬಂದಿದೆ. ಏಳೆಂಟು ತಿಂಗಳಿಂದ ಪ್ರತಿ ತಿಂಗಳು ಮೂರ್ನಾಲ್ಕು ದಿನ ಕೆಳಹೊಟ್ಟೆ ಹಿಡಿದುಕೊಂಡು ಅಳುತ್ತಾಳೆ. ಮೊನ್ನೆ ಮೂತ್ರವೂ ಕಟ್ಟಿತ್ತು. ಅತ್ತೆಯವರು ಗ್ಯಾಸ್ ಅನ್ನುತ್ತಾರೆ.
– ಒಬ್ಬ ತಾಯಿ, ಚಳ್ಳಕೆರೆ

ಉತ್ತರ: ತಾಯೀ, ಇದು ಗ್ಯಾಸ್ ಅಲ್ಲ. ತಡ ಮಾಡದೆ ಈ ವಾರವೇ ಸ್ತ್ರೀರೋಗ ತಜ್ಞರ ಹತ್ತಿರ ಕರೆದುಕೊಂಡು ಹೋಗಿ. ಮತ್ತೆ ಮೂತ್ರ ಕಟ್ಟಿದರೆ ಅವತ್ತೇ ಹೋಗಿ.

ಮೇಲೆ ಪೊರೆಯಲ್ಲಿ ದಾರಿ ಇದ್ದೇ ಇರುತ್ತದೆ ಅಂದೆನಲ್ಲ, ಸಾವಿರ ಎರಡು ಸಾವಿರ ಹುಡುಗಿಯರಲ್ಲಿ ಒಬ್ಬಳಿಗೆ ಇರುವುದಿಲ್ಲ. ಅವಳಿಗೆ ಒಳಗೆ ಮುಟ್ಟು ಆಗುತ್ತಿರುತ್ತದೆ, ಹೊರಗೆ ಬರಲು ಜಾಗವಿಲ್ಲ. ಕಟ್ಟಿಕೊಂಡ ರಕ್ತ ಮೂತ್ರದ ದಾರಿಯನ್ನೂ ಒತ್ತುತ್ತದೆ. ನೋಡಿದರೆ ಯೋನಿಯ ಬಾಯಲ್ಲಿ ನೀಲಿಯಾಗಿ ಉಬ್ಬಿದ ಪೊರೆ ಕಾಣುತ್ತದೆ. ನಿಮ್ಮ ಮಗಳಿಗೆ ಇದೇ ಅಂತ ಸ್ಕ್ಯಾನ್ ಆಗದೆ ಹೇಳಲಾರೆ, ಇನ್ನೂ ಒಳಗೆ ಬೇರೆ ಪದರ ಅಡ್ಡ ಬಂದಿದ್ದರೂ ಹೀಗೆ ಆಗುತ್ತದೆ. ಪೊರೆಯೇ ಆಗಿದ್ದರೆ ಅರಿವಳಿಕೆ ಕೊಟ್ಟು ಸಣ್ಣದಾಗಿ ಕತ್ತರಿಸಿ ದಾರಿ ಮಾಡುತ್ತಾರೆ. ಕಾಫಿ ಬಣ್ಣದ ಹಳೇ ರಕ್ತವೆಲ್ಲ ಹೊರಬರುತ್ತದೆ, ನೋವು ಹೋಗುತ್ತದೆ. ಇಂಥ ಕಡೆ ಕೆಲವು ತಂದೆ ತಾಯಿ ಮೆಲ್ಲಗೆ ಕೇಳುವುದುಂಟು, ‘ಆಮೇಲೆ ಮದುವೆಗೆ ತೊಂದರೆ ಆಗಲ್ವಾ, ಸರ್ಟಿಫಿಕೇಟ್ ಕೊಡ್ತೀರಾ’ ಅಂತ. ಮದುವೆಗೆ ತೊಂದರೆಯಿಲ್ಲ. ತಡವಾದರೆ ಮಾತ್ರ ಗರ್ಭನಾಳಕ್ಕೆ ತೊಂದರೆ ಆಗಬಹುದು.

ಪ್ರಶ್ನೆ: ಮುಟ್ಟಿನ ಕಪ್ ಹಾಕಿದರೆ ಕನ್ಯಾಪೊರೆ ಹರಿದುಹೋಗುತ್ತೆ, ಕಪ್ ಒಳಗೇ ಕಳೆದುಹೋಗುತ್ತೆ ಅಂತ ಹಾಸ್ಟೆಲಿನಲ್ಲಿ ಎಲ್ಲರೂ ಹೆದರಿಸುತ್ತಾರೆ. ನಿಜಾನಾ?
– ಪದವಿ ವಿದ್ಯಾರ್ಥಿನಿ, ಪುತ್ತೂರು

ಉತ್ತರ: ಪೊರೆ ಹಿಗ್ಗಬಹುದು, ಹರಿಯಲೂಬಹುದು. ಅದರಿಂದ ಏನೂ ಆಗುವುದಿಲ್ಲ, ಮೊದಲ ಉತ್ತರ ಓದಿ. ಕಪ್ ಎಲ್ಲಿಗೂ ಹೋಗುವುದಿಲ್ಲ, ಗರ್ಭಕೋಶದ ಬಾಯಿ ಅಷ್ಟು ಸಣ್ಣದು. ನಿಮ್ಮ ಜಿಲ್ಲೆಯಲ್ಲೂ ಚಾಮರಾಜನಗರದಲ್ಲೂ 2022ರಲ್ಲಿ ಸರ್ಕಾರವೇ ‘ಮೈತ್ರಿ’ ಯೋಜನೆಯಲ್ಲಿ ವಿದ್ಯಾರ್ಥಿನಿಯರಿಗೆ ಕಪ್ ಹಂಚಿತ್ತು. ಕೈ ತೊಳೆದು ಹಾಕಿ, ತೆಗೆಯುವಾಗ ತಳವನ್ನು ಚಿವುಟಿ ಗಾಳಿ ಬಿಡಿಸಿ ಎಳೆಯಿರಿ, 12 ಗಂಟೆಗಿಂತ ಜಾಸ್ತಿ ಬಿಡಬೇಡಿ. ಪ್ರತಿ ತಿಂಗಳು ಕುದಿಸಿ. ಇಷ್ಟವಾಗದಿದ್ದರೆ ಪ್ಯಾಡೇ ಸರಿ, ಬಲವಂತವೇನಿಲ್ಲ.

(‘ಕೆಟ್ಟ ರಕ್ತ ಹೊರಹೋಗುತ್ತದೆ’ ಅಂತಲೂ ಇವರು ಬರೆದಿದ್ದರು. ಕೆಟ್ಟದ್ದಲ್ಲ, ಗರ್ಭಕೋಶದ ಒಳಪದರ ಮತ್ತು ರಕ್ತ, ಸಾಮಾನ್ಯವಾಗಿ ಒಟ್ಟು 30–40 ಮಿಲಿ. ಉಪ್ಪಿನಕಾಯಿ ಕೆಡುವುದೂ ಮುಟ್ಟಾದವರು ಮುಟ್ಟಿದ್ದರಿಂದಲ್ಲ, ಒದ್ದೆ ಸೌಟಿನಿಂದ.)

ಪ್ರಶ್ನೆ: ಗರ್ಭ ನಿಲ್ಲದಿರಲಿ ಅಂತ 72 ಗಂಟೆಯ ಮಾತ್ರೆ ನುಂಗಿ ಐದನೇ ದಿನ ಸ್ವಲ್ಪ ರಕ್ತ ಬಂತು. ಬಚಾವಾದೆ ಅಲ್ವಾ?
– ಎಂ., ಬೆಂಗಳೂರು

ಉತ್ತರ: ಈಗಲೇ ಹೇಳಲಾಗದು. ಆ ರಕ್ತ ಮಾತ್ರೆಯಿಂದಲೂ ಬರುತ್ತದೆ. ಕೂಡಿದ ಮೂರು ವಾರಕ್ಕೆ ಮೂತ್ರ ಪರೀಕ್ಷೆ ಮಾಡಿಕೊಳ್ಳಿ. ಕೆಳಹೊಟ್ಟೆಯಲ್ಲಿ ಒಂದೇ ಕಡೆ ಜೋರು ನೋವು ಬಂದರೆ ಕಾಯಬೇಡಿ, ಆಸ್ಪತ್ರೆಗೆ ಹೋಗಿ.

ಪ್ರಶ್ನೆ: ಅಮ್ಮನಿಗೆ 57. ಮುಟ್ಟು ನಿಂತು ಐದು ವರ್ಷದ ಮೇಲಾಯಿತು. ಈಗ ಆಗಾಗ ಸೀರೆಗೆ ಕಲೆ. ‘ಉಷ್ಣ ಕಣೆ’ ಅಂತ ಎಳನೀರು, ಮೆಂತ್ಯದ ನೀರು ಕುಡಿಯುತ್ತಾರೆ. ಪಕ್ಕದ ಮನೆಯವರು ‘ಇನ್ನೂ ವಯಸ್ಸಿದೆ ನಿಮಗೆ’ ಅಂತ ತಮಾಷೆ ಮಾಡಿದರಂತೆ.
– ಮಗಳು, ಮಂಡ್ಯ

ಉತ್ತರ: ನನಗೆ ನಿಜಕ್ಕೂ ಹೆದರಿಕೆ ಆದದ್ದು ಈ ಪತ್ರಕ್ಕೆ. ಮುಟ್ಟು ನಿಂತು ಒಂದು ವರ್ಷ ಕಳೆದ ಮೇಲೆ ಒಂದು ಹನಿ ಬಂದರೂ ತೋರಿಸಲೇಬೇಕು. ಸಾಮಾನ್ಯವಾಗಿ ಯೋನಿಯ ಪದರ ತೆಳುವಾದದ್ದೋ ಸಣ್ಣ ಗಂಟೋ ಆಗಿರುತ್ತದೆ. ಆದರೆ ಹೀಗೆ ಬಂದವರಲ್ಲಿ ಸುಮಾರು ಹತ್ತರಲ್ಲಿ ಒಬ್ಬರಿಗೆ ಗರ್ಭಕೋಶದ ಕ್ಯಾನ್ಸರ್ ಇರುತ್ತದೆ. ಬೇಗ ಸಿಕ್ಕರೆ ಬಹುತೇಕ ವಾಸಿಯಾಗುವಂಥದ್ದು ಅದು. ಅಮ್ಮನಿಗೆ ತೂಕ ಜಾಸ್ತಿ ಇದ್ದರೆ, ಶುಗರ್ ಇದ್ದರೆ ಇನ್ನೂ ಬೇಗ ಹೋಗಿ. ಸ್ಕ್ಯಾನ್‌ನಲ್ಲಿ ಒಳಪದರ 4 ಮಿಲಿಮೀಟರ್‌ಗಿಂತ ದಪ್ಪ ಇದ್ದರೆ ಚೂರು ತೆಗೆದು ಪರೀಕ್ಷೆಗೆ ಕಳಿಸುತ್ತಾರೆ. ಗರ್ಭಕೋಶದ ಬಾಯಿಯನ್ನೂ ನೋಡಿಸಿ. ಯಾರಾದರೂ ಆ ರಿಪೋರ್ಟ್ ಬರುವ ಮೊದಲೇ ‘ಗರ್ಭಕೋಶ ತೆಗೆಸಿಬಿಡಿ’ ಅಂದರೆ ಎದ್ದು ಬನ್ನಿ, ಇನ್ನೊಬ್ಬರನ್ನು ಕೇಳಿ.

ರಕ್ತ ಹೋಗುತ್ತಿರುವಾಗ ಡಾಕ್ಟರ್ ಮುಟ್ಟುವುದಿಲ್ಲ, ನಿಂತ ಮೇಲೆ ಹೋಗೋಣ ಅಂತ ಅಮ್ಮ ಹೇಳುತ್ತಾರೆ, ನೋಡುತ್ತಿರಿ. ಮುಟ್ಟುತ್ತೇವೆ. ಅವರು ನುಂಗುವ ಮಾತ್ರೆಗಳ ಚೀಟಿ ತೆಗೆದುಕೊಂಡು ಸೋಮವಾರವೇ ಹೊರಡಿ. ರಕ್ತ ತೆಳುವಾಗಿಸುವ ಮಾತ್ರೆ ಇದ್ದರೆ ಅದನ್ನು ಮರೆಯದೆ ಹೇಳಿ.