‘ಪಾಪ, ಅವನಾದರೂ ಏನು ಮಾಡುತ್ತಾನೆ’

ಹೆಸರು ಪ್ರಕಟಿಸಬಾರದೆಂದು ಕೋರಿರುವ ಹಾಸನದ ಓದುಗರೊಬ್ಬರ ಪತ್ರದ ಸಾರ: ಅಮೆರಿಕದಲ್ಲಿರುವ ಮಗಳ ಮನೆಯಲ್ಲಿ ಅವರು ಆರು ತಿಂಗಳಿದ್ದು ಬಂದಿದ್ದಾರೆ. ಕಣ್ಣಿನ ಶಸ್ತ್ರಚಿಕಿತ್ಸೆಗೆಂದು ಅವರು ಕೂಡಿಟ್ಟಿದ್ದ ಹಣವನ್ನು ಸಾಲವಾಗಿ ಪಡೆದು, ಎರಡು ವರ್ಷವಾದರೂ ಹಿಂತಿರುಗಿಸದ ತಂಗಿಯ ಮಗನ ಮಾತು ಅಲ್ಲಿ ಬಂದಾಗ, ‘ಪಾಪ, ಮಗಳ ಮದುವೆ ಎದುರಿಗೆ ಬಂತು, ಅವನಾದರೂ ಏನು ಮಾಡುತ್ತಾನೆ’ ಎಂದರಂತೆ. ಅಲ್ಲಿಯೇ ಹುಟ್ಟಿ ಬೆಳೆದ ಹದಿನೈದರ ಮೊಮ್ಮಗ, ‘ಇಲ್ಲ ಅಜ್ಜಿ, ಆ ಮಾವ ಮಾತಿಗೆ ನಿಲ್ಲುವವರಲ್ಲ, ಅಷ್ಟೇ’ ಎಂದನಂತೆ. ಪರದೇಶದಲ್ಲಿ ಬೆಳೆದ ಮಗುವಿಗೆ ಕರುಣೆಯೇ ಇಲ್ಲದಾಯಿತೇ ಎಂಬುದು ಅವರ ಪ್ರಶ್ನೆ.

ಸಂಪಾದಕರ ಉತ್ತರ:

ಮಾನ್ಯರೇ,

ನಿಮ್ಮ ಮನೆಯಲ್ಲಿ ನಡೆದ ಈ ಪುಟ್ಟ ಮಾತುಕತೆಗೆ ತೀರ ಹತ್ತಿರವಾದ ಪ್ರಶ್ನೆಯೊಂದನ್ನು ಹಿಡಿದು ಜೋನ್ ಮಿಲ್ಲರ್ ಎಂಬ ಅಮೆರಿಕದ ಮನೋವಿಜ್ಞಾನಿ ನಮ್ಮ ಮೈಸೂರಿನಲ್ಲಿಯೇ ಅಧ್ಯಯನ ನಡೆಸಿದ್ದರು. 1984ರಲ್ಲಿ ಪ್ರಕಟವಾದ ಆ ಅಧ್ಯಯನದಲ್ಲಿ ಅವರು ಮೈಸೂರಿನ ಹಿಂದೂಗಳನ್ನೂ ಶಿಕಾಗೋದ ಅಮೆರಿಕನ್ನರನ್ನೂ, ಅಂದರೆ 8, 11 ಮತ್ತು 15 ವರ್ಷದ ಮಕ್ಕಳನ್ನೂ ವಯಸ್ಕರನ್ನೂ, ಕೂರಿಸಿಕೊಂಡು, ಪರಿಚಿತರು ಮಾಡಿದ ಒಳ್ಳೆಯ ಮತ್ತು ಕೆಟ್ಟ ಕೆಲಸಗಳನ್ನು ಹೇಳಿಸಿ, ಅವರು ಹಾಗೇಕೆ ಮಾಡಿದರೆಂದು ಕೇಳಿದರು. ಎಂಟು ವರ್ಷದ ಮಕ್ಕಳ ಉತ್ತರಗಳಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸವಿರಲಿಲ್ಲ. ವಯಸ್ಸು ಏರಿದಂತೆ ಶಿಕಾಗೋದವರು ಕಾರಣವನ್ನು ಹೆಚ್ಚುಹೆಚ್ಚಾಗಿ ಆ ವ್ಯಕ್ತಿಯ ಸ್ವಭಾವದಲ್ಲಿ ಹುಡುಕಿದರೆ, ಮೈಸೂರಿನವರು ಅವನ ಸುತ್ತಲಿನ ಸಂದರ್ಭದಲ್ಲಿ, ಸಂಬಂಧಗಳಲ್ಲಿ, ಕರ್ತವ್ಯದಲ್ಲಿ ಹುಡುಕಿದರು. ಹಾಗಾದರೆ ಇದು ಹುಟ್ಟಿನಿಂದ ಬಂದದ್ದಲ್ಲ. ಹಿರಿಯರು ಜಗಲಿಯಲ್ಲೋ ಊಟದ ಮೇಜಿನಲ್ಲೋ ಇತರರ ಬಗ್ಗೆ ಆಡುವ ಮಾತನ್ನು ಕೇಳಿ ಕೇಳಿ ಮಗು ಕಲಿಯುವಂಥದ್ದು ಎಂದು ನಾನು ತಿಳಿಯುತ್ತೇನೆ. ನಿಮ್ಮ ಮೊಮ್ಮಗ ಈಗ ಆ ಕಲಿಕೆಯ ನಡುವಿನಲ್ಲಿದ್ದಾನೆ.

ಅಲ್ಲಿ ಮೈಸೂರಿನವರೊಬ್ಬರು ಹೇಳಿದ ಘಟನೆಯೊಂದನ್ನು ನೀವು ಕೇಳಬೇಕು. ಮೋಟಾರ್‌ಸೈಕಲ್ಲಿನ ಹಿಂದಿನ ಚಕ್ರ ಸಿಡಿದು, ಹಿಂದೆ ಕುಳಿತವನು ಬಿದ್ದು ತಲೆಗೆ ಪೆಟ್ಟಾಯಿತು. ಗಾಡಿ ಓಡಿಸುತ್ತಿದ್ದ ವಕೀಲ ಅವನನ್ನು ಆಸ್ಪತ್ರೆಗೆ ಮುಟ್ಟಿಸಿ, ಗಾಯ ಎಷ್ಟು ಗಂಭೀರವೆಂದು ವೈದ್ಯರನ್ನು ವಿಚಾರಿಸದೆಯೇ ಕೋರ್ಟಿನ ಕೆಲಸಕ್ಕೆ ಹೊರಟುಹೋದ. ಪೆಟ್ಟು ತಿಂದವನು ಕೊನೆಗೆ ತೀರಿಕೊಂಡ. ಕಾರಣ ಕೇಳಿದಾಗ ಮೈಸೂರಿನವರು, ಕಕ್ಷಿದಾರನ ಪರವಾಗಿ ಕೋರ್ಟಿನಲ್ಲಿರುವುದು ವಕೀಲನ ಕರ್ತವ್ಯವಾಗಿತ್ತು, ಅವನಿಗೆ ಗಾಬರಿಯೂ ಆಗಿದ್ದಿರಬಹುದು, ಗಾಯ ಅಷ್ಟು ಗಂಭೀರವಾಗಿ ಕಂಡಿರಲಿಕ್ಕಿಲ್ಲ ಎಂದರು. ಇದೇ ಘಟನೆಯ ಬಗ್ಗೆ ಅಮೆರಿಕನ್ನರ ಕಡೆಯಿಂದ ಬಂದ ಉತ್ತರದಲ್ಲಿ ಮುಂದೆ ನಿಂತದ್ದು ‘ಹೊಣೆಗೇಡಿ’ ಎಂಬ ಮಾತು.

ಆದರೆ ವಕೀಲ ಮಾಡಿದ್ದು ತಪ್ಪು ಎಂದು ಘಟನೆಯನ್ನು ಹೇಳುವಾಗಲೇ ಆ ಮೈಸೂರಿನವರು ಸ್ಪಷ್ಟವಾಗಿ ನುಡಿದಿದ್ದರು ಎಂಬುದನ್ನು ದಯವಿಟ್ಟು ಗಮನಿಸಿ. ಅವರು ಕಾರಣ ಕೊಟ್ಟರೇ ಹೊರತು ಕ್ಷಮೆ ಕೊಡಲಿಲ್ಲ. ನಮ್ಮ ಮನೆಗಳಲ್ಲಿ ಈ ಎರಡೂ ಒಂದೇ ಉಸಿರಿನಲ್ಲಿ ಬರುವುದರಿಂದ ಬೇರೆ ಕಡೆ ಬೆಳೆದವರಿಗೆ ನಾವು ತಪ್ಪನ್ನೇ ಮುಚ್ಚುತ್ತಿದ್ದೇವೆ ಎನ್ನಿಸುತ್ತದೆ. ಅವರು ಸ್ವಭಾವದ ಮಾತೆತ್ತಿದರೆ ನಮಗೆ ಅವರಲ್ಲಿ ಕರುಣೆಯಿಲ್ಲ ಎನ್ನಿಸುತ್ತದೆ. ಅಧರ್ಮಕ್ಕೂ ಮರುಕಕ್ಕೂ ‘ಪಾಪ’ ಎಂಬ ಒಂದೇ ಪದವನ್ನು ಬಳಸಿಕೊಂಡು ಬಂದ ನಮ್ಮ ಭಾಷೆಯಲ್ಲಿ ನೀವು ಆಡಿದ ಮಾತು, ಇಂಗ್ಲಿಷಿನಲ್ಲಿ ಯೋಚಿಸುವ ಹುಡುಗನಿಗೆ ಅರ್ಧ ಮಾತ್ರ ತಲುಪಿರಬಹುದು.

ಇದನ್ನೇ ಹಿಡಿದು ನಾವು ಹೀಗೆ, ಅವರು ಹಾಗೆ ಎಂದು ಗೆರೆ ಎಳೆಯುವುದನ್ನು ನಾನು ಒಪ್ಪಲಾರೆ. ಅಧ್ಯಯನ ತೋರಿಸಿದ್ದು ಒಟ್ಟಾರೆ ಒಲವನ್ನು, ಅದೂ ನಾಲ್ಕು ದಶಕಗಳ ಹಿಂದಿನ ಒಂದು ಊರಿನದನ್ನು. ‘ಹುಟ್ಟುಗುಣ ಸುಟ್ಟರೂ ಹೋಗದು’ ಎಂಬ ಗಾದೆಯೂ ನಮ್ಮದೇ ಅಲ್ಲವೇ? ಜಾತಿಯ ವಿಷಯ ಬಂದಾಗಲಂತೂ ಇಡೀ ಸಮುದಾಯಗಳಿಗೆ ಸ್ವಭಾವವನ್ನು ಹಚ್ಚಿಬಿಟ್ಟ ನಾವು, ಸಂದರ್ಭ ನೋಡುವ ಉದಾರತೆಯನ್ನು ಬಹುಮಟ್ಟಿಗೆ ನಮ್ಮವರೆನಿಸಿಕೊಂಡವರಿಗಷ್ಟೇ ಮೀಸಲಿಟ್ಟಿದ್ದೇವೆ. ಸಾಲ ಮರಳಿಸದವನು ತಂಗಿಯ ಮಗನಾಗಿರದೆ ಅಪರಿಚಿತನಾಗಿದ್ದರೆ ನೀವು ಏನೆನ್ನುತ್ತಿದ್ದಿರಿ ಎಂಬುದನ್ನು ಒಮ್ಮೆ ಯೋಚಿಸಿ ನೋಡಿ.

ಇನ್ನು ಕರುಣೆಯ ಮಾತು. ಆ ಹಣ ನಿಮ್ಮ ಕಣ್ಣಿನ ಚಿಕಿತ್ಸೆಗೆಂದು ಇಟ್ಟದ್ದು ಎಂಬುದು ಹುಡುಗನಿಗೆ ಗೊತ್ತಿತ್ತೇ? ಪತ್ರದಲ್ಲಿ ನೀವು ಅದನ್ನು ಬರೆದಿಲ್ಲ. ಗೊತ್ತಿದ್ದರೆ, ಅವನ ಮರುಕ ಅಜ್ಜಿಯ ಕಡೆಗೇ ಹರಿದು ಆ ಮಾತನ್ನು ಆಡಿಸಿರಬಹುದು. ಮುಂದಿನ ಸಲ ಫೋನಿನಲ್ಲಿ ಸಿಕ್ಕಾಗ, ಮಾವ ಮಾಡಿದ್ದು ತಪ್ಪೇ ಎಂದು ನೀವೂ ಮೊದಲು ಒಪ್ಪಿಕೊಂಡು, ಆಮೇಲೆ ಅಂದು ಆ ಮಾತನ್ನು ಏಕೆ ಆಡಿದೆಯೆಂದು ಅವನನ್ನು ಕೇಳಿ.