ಕ್ಯಾಲಿಪರ್ 22.00 ಅಂದ್ರೂ ಬೇರಿಂಗ್ ಸಡಿಲ ಯಾಕೆ?

ಅಲ್ಯೂಮಿನಿಯಂ ಬ್ಲಾಕಿನಲ್ಲಿ 22 ಮಿ.ಮೀ. ಹೊರ ವ್ಯಾಸದ 608 ಬೇರಿಂಗ್‌ಗೆ ಕೊರೆದ ತೂತು ಡಿಜಿಟಲ್ ಕ್ಯಾಲಿಪರ್‌ನಲ್ಲಿ ಸರಿಯಾಗಿ 22.00 ಬರ್ತಿದೆ, ಆದ್ರೂ ಬೇರಿಂಗ್ ಸಡಿಲ, ದುಬಾರಿ ಕ್ಯಾಲಿಪರ್ ತಗೊಳ್ಳಲಾ ಅಂತ ಕೇಳಿದ್ದೀರಿ. ಬೇಡ. ದುಡ್ಡು ಉಳಿಸಿ.

ಪರದೆ 0.01 ತೋರಿಸುತ್ತೆ ಅಂದ ಮಾತ್ರಕ್ಕೆ ಅಳತೆ ಅಷ್ಟು ನಿಖರ ಅಲ್ಲ. ಒಳ್ಳೆಯ ಕಂಪನಿಯ 150 ಮಿ.ಮೀ. ಕ್ಯಾಲಿಪರ್ ಕೂಡ ±0.02 ಮಿ.ಮೀ. ಆಸುಪಾಸಿನದ್ದು. ಅದಕ್ಕಿಂತ ಮುಖ್ಯ, ತೂತಿನೊಳಗೆ ಕ್ಯಾಲಿಪರ್ ದವಡೆ ಸ್ವಲ್ಪ ಪಕ್ಕಕ್ಕೆ ಕೂತರೂ ರೀಡಿಂಗ್ ಕಡಿಮೆಯೇ ಬರುತ್ತೆ. ಅಂದ್ರೆ ನಿಮ್ಮ ತೂತು ನಿಜಕ್ಕೂ 22.03 ಇರಬಹುದು. ಬೇರಿಂಗ್‌ನ ಹೊರ ವ್ಯಾಸವೋ, 22ಕ್ಕಿಂತ ಹೆಚ್ಚಂದ್ರೆ 9 ಮೈಕ್ರಾನ್ (0.009 ಮಿ.ಮೀ.) ಕಡಿಮೆ ಇರುತ್ತೆ, ಜಾಸ್ತಿ ಇರಲ್ಲ. ಸಡಿಲ ಆಗದೆ ಇನ್ನೇನು!

ಒಂದು 0–25 ಮಿ.ಮೀ. ಮೈಕ್ರೋಮೀಟರ್ (ಸ್ಕ್ರೂ ತಿರುಗಿಸಿ ಅಳೆಯುವ ಸಲಕರಣೆ), ಜೊತೆಗೆ ಟೆಲಿಸ್ಕೋಪಿಕ್ ಗೇಜ್ (ತೂತಿನೊಳಗೆ ಚಾಚಿಕೊಂಡು ಅದರ ಅಗಲ ಹಿಡಿದಿಡುವ ಸಲಕರಣೆ) ತಗೊಳ್ಳಿ. ಗೇಜನ್ನು ಓರೆಯಾಗಿ ಒಳಗಿಟ್ಟು, ಹಿಡಿಯ ಸ್ಕ್ರೂ ಹಗುರವಾಗಿ ಬಿಗಿ ಮಾಡಿ, ಒಂದೇ ಸಲ ನೇರ ದಾಟಿಸಿ ಹೊರಗೆ ತೆಗೆಯಿರಿ. ಆಮೇಲೆ ಆ ಗೇಜನ್ನು ಮೈಕ್ರೋಮೀಟರ್‌ನಲ್ಲಿ ಅಳೆಯಿರಿ, ಅದರ ತುದಿಯ ರ‍್ಯಾಚೆಟ್ ಟಿಕ್ ಟಿಕ್ ಅನ್ನೋವರೆಗೆ ಮಾತ್ರ ತಿರುಗಿಸಿ. ಮೂರು ಸಲ ಒಂದೇ ಅಂಕಿ ಬಂದರೆ ನಂಬಿ. ಕೈ ಪಳಗೋಕೆ ಒಂದು ಸಂಜೆ ಸಾಕು.

ಮುಂದಿನ ಬ್ಲಾಕ್‌ಗೆ ಮೊದಲು 21.8ಕ್ಕೆ ಬೋರ್ ಮಾಡಿ, 22 ಎಚ್7 ರೀಮರ್ (ತೂತನ್ನು ನಿಖರ ಅಳತೆಗೆ ಸವರುವ ಉಪಕರಣ) ಹಾಕಿ. ಈಗಿನದನ್ನು ಎಸೆಯಬೇಡಿ, ಲಾಕ್‌ಟೈಟ್ 641 ತರಹದ ಬೇರಿಂಗ್ ಅಂಟು ಇಷ್ಟು ಸಂದನ್ನು ಆರಾಮಾಗಿ ತುಂಬುತ್ತೆ. ಬೇರಿಂಗ್ ಒಳಗೆ ಮಾತ್ರ ಹರಿಯದ ಹಾಗೆ ನೋಡ್ಕೊಳ್ಳಿ.